ಸ್ಟೀರಿಯೊ ಕೆಟ್ಟ ಮೇಲೆ

ಕಾರಿನ ಸ್ಟೀರಿಯೊ ಒಂದು ಸೋಮವಾರ ಬೆಳಿಗ್ಗೆ ಕರಕರ ಅಂದು ನಿಂತುಹೋಯಿತು. ಹಾಡು ಅರ್ಧಕ್ಕೇ ಕಡಿಯಿತು, ದೀಪ ಆರಿತು, ಗುಂಡಿ ಒತ್ತಿದರೂ ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಮನೆಯ ಯಜಮಾನ ಲಿಫ್ಟ್ ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಳಗೆ ಯಾವ ಬೇರಿಂಗ್ ಸವೆದಿದೆ ಅಂತ ಹೇಳಬಲ್ಲವನು. ಅಂಥವನಿಗೆ ಈ ಸಣ್ಣ ಪೆಟ್ಟಿಗೆ ಯಾವ ಲೆಕ್ಕ ಅನಿಸಿತು. ಸಂಜೆ ಅದನ್ನು ಡ್ಯಾಶ್‌ಬೋರ್ಡಿನಿಂದ ಕಿತ್ತು, ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಬಿಚ್ಚಿಕೊಂಡು ಕೂತ. ಮರುಸಂಜೆಯೂ ಕೂತ. ಮೂರನೆಯ ಸಂಜೆ ಅವನ ತಾಯಿ, ತಟ್ಟೆ ಇಡೋದಕ್ಕಾದರೂ ಜಾಗ ಬಿಡು ಅಂತ ಗೊಣಗಿದಾಗ ಸ್ಕ್ರೂಗಳನ್ನೆಲ್ಲ ಒಂದು ಡಬ್ಬಿಗೆ ಸುರಿದು, ಇದರ ಕಥೆ ಮುಗೀತು, ಹೊಸದು ಹಾಕಿಸಬೇಕು ಅಂದ.

ಆವತ್ತಿನಿಂದ ಮನೆಯಲ್ಲಿ ಅದೇ ಮಾತು.

ಮಗಳಿಗೆ ಇಪ್ಪತ್ತಮೂರು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲೇ ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಒರೆಸಿದ್ದಳು. ಅವಳಿಗೆ ದೊಡ್ಡ ಟಚ್‌ಸ್ಕ್ರೀನ್ ಬೇಕು, ಅದರಲ್ಲಿ ಮ್ಯಾಪ್ ಬರಬೇಕು, ಹಿಂದಕ್ಕೆ ಕ್ಯಾಮೆರಾ ಬೇಕು. ಮೆಕ್ಯಾನಿಕ್‌ಗೆ ಸ್ಕ್ರೀನ್ ಕಂಡರೆ ಆಗದು. ಬಿಸಿಲಿಗೆ ಏನೂ ಕಾಣೋದಿಲ್ಲ, ಹಾಡು ಬದಲಿಸಬೇಕಾದರೂ ರಸ್ತೆ ಬಿಟ್ಟು ಅದನ್ನೇ ನೋಡಬೇಕು, ಗುಂಡಿಯಾದರೆ ಕೈಯೇ ಹುಡುಕಿಕೊಳ್ಳುತ್ತೆ ಅನ್ನುವುದು ಅವನ ವಾದ. ಅಜ್ಜಿಗೆ ರೇಡಿಯೋ ಬಂದರೆ ಸಾಕು, ಆದರೆ ಅದು ಗೊರಗೊರ ಅನ್ನಬಾರದು. ಎಪ್ಪತ್ತೆಂಟಾದರೂ ಅಜ್ಜಿಯ ಕಿವಿ ಬಲು ಚುರುಕು. ಎರಡು ಮನೆಯಾಚೆ ಯಾರು ಯಾರನ್ನು ಬೈದರು ಅಂತ ಕೂತಲ್ಲೇ ವರದಿ ಕೊಡುತ್ತಿದ್ದಳು.

ಮೆಕ್ಯಾನಿಕ್‌ನ ಹೆಂಡತಿ ಮಾತ್ರ ಏನೂ ಹೇಳಿರಲಿಲ್ಲ. ನಾಲ್ಕನೆಯ ದಿನ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ, ಎಲ್ಲರ ಮಾತನ್ನೂ ಕತ್ತರಿಸಿದ ಹಾಗೆ ಅಂದಳು:

"ಅದು ಬೇಕೇ ಬೇಕಾ? ಅದಿಲ್ಲದಿದ್ರೆ ಕಾರು ಮುಂದಕ್ಕೆ ಹೋಗಲ್ವಾ?"

ಮಗಳು ನಕ್ಕಳು, ತಮಾಷೆ ಅಂದುಕೊಂಡು. ತಮಾಷೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಂದ ಒಂದು ವಾರ ಪೂರ್ತಿ ಹೆಂಡತಿ ಒಂದಲ್ಲ ಒಂದು ಅಡ್ಡಗಾಲು ಹಾಕಿದಳು. ಮೊದಲು ನಲ್ಲಿ ಸೋರೋದನ್ನ ನೋಡಿ ಅಂದಳು. ಅತ್ತೆಯ ಮಂಚದ ಕಾಲು ಅಲ್ಲಾಡುತ್ತಿದೆ ಅಂದಳು. ಹಾಡು ಕೇಳುತ್ತಾ ಓಡಿಸಿದರೆ ಗಮನ ಎಲ್ಲಿರುತ್ತೆ ಅಂದಳು. ಅವನು ಹಾಡು ಕೇಳುತ್ತಲೇ ಹನ್ನೊಂದು ವರ್ಷ ಓಡಿಸಿದ್ದ. ಮೆಕ್ಯಾನಿಕ್ ಅದಕ್ಕೆಲ್ಲ ಸೊಪ್ಪು ಹಾಕದೆ, ಟೇಪು ಹಿಡಿದು ಕಾರಿನ ಖಾಲಿ ಗೂಡಿನ ಅಗಲ, ಎತ್ತರ, ಆಳ ಅಳೆದ, ಎರಡು ಅಂಗಡಿಗಳಿಂದ ಚಿತ್ರವಿರುವ ಕಾಗದ ತಂದ, ಊಟ ಮಾಡುತ್ತಾ ಅದನ್ನೇ ನೋಡಿದ. ಮುಂದಿನ ಶುಕ್ರವಾರ ಅವಳು ಆ ಕಾಗದಗಳನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟಾಗ ಅವನಿಗೆ ತಡೆಯಲಾಗಲಿಲ್ಲ.

"ನಿಂಗೆ ನನ್ ಜೊತೆ ಮಾತೂ ಬೇಡ. ಈಗ ಹಾಡೂ ಬೇಡ. ಕಾರಲ್ಲಿ ನಾವಿಬ್ರೂ ಏನ್ ಮಾಡಬೇಕು ಅಂತೀಯಾ?"

ಅವಳು ತಟ್ಟೆ ಎತ್ತಿಕೊಂಡು ಹೋದಳು. ಅಡುಗೆಮನೆಯಲ್ಲಿ ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟ ಸದ್ದು ಕೇಳಿಸಿತು.

ಅವನು ದಿನಾ ಬೆಳಿಗ್ಗೆ ಅವಳನ್ನು ಕೆಲಸಕ್ಕೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದ. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷದ ದಾರಿ. ಸ್ಟೀರಿಯೊ ಇದ್ದಾಗ ಹಾಡು ನಡೆಯುತ್ತಿತ್ತು, ಇಬ್ಬರೂ ಮಾತಾಡದಿದ್ದರೂ ಅದು ಯಾರಿಗೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಹೋದ ಮೇಲೆ ಮೌನ ಬಯಲಿಗೆ ಬಿತ್ತು. ಅವನು ನಡುವೆ ಒಂದೆರಡು ಮಾತಾಡುತ್ತಿದ್ದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಒಂದು ಸಲ ಹಿಂದೆ ಕೂತಿದ್ದ ಅಜ್ಜಿ ಇದನ್ನು ಕಂಡು, ಮನೆಗೆ ಬಂದ ಮೇಲೆ ಮಗನನ್ನು ಪಕ್ಕಕ್ಕೆ ಕರೆದು, ನಿನ್ನ ಹೆಂಡ್ತಿ ಕೇಳಿದ್ರೂ ಕೇಳದವಳ ಹಾಗೆ ಕೂರ್ತಾಳಲ್ಲೋ ಅಂದಿದ್ದಳು. ಅವನು, ಹೋಗಲಿ ಬಿಡಮ್ಮ, ಎರಡು ವರ್ಷದಿಂದ ಹಾಗೇ ಅಂದಿದ್ದ.

ಅವಳಿಗೆ ನಿಜಕ್ಕೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ವಾರ ಜ್ವರ ಬಂದು ಬಿಟ್ಟಿತ್ತು. ಬಿಟ್ಟ ಮರುದಿನ ಎದ್ದಾಗ ಬಲಗಿವಿಯೊಳಗೆ ಜೀರುಂಡೆ ಕೂತ ಹಾಗೆ ಒಂದೇ ಸಮನೆ ಸದ್ದು. ಗುಗ್ಗೆ ಕಟ್ಟಿರಬೇಕು ಅಂದುಕೊಂಡು ಅಂಗಡಿಯಿಂದ ಹನಿ ತಂದು ಬಿಟ್ಟುಕೊಂಡಳು. ಒಂದು ತಿಂಗಳ ಹೊತ್ತಿಗೆ ಜೀರುಂಡೆ ಹೋಯಿತು, ಅದರ ಜೊತೆಗೆ ಆ ಕಿವಿಯೂ ಹೋಯಿತು.

ಅವಳ ಕೆಲಸ ಔಷಧಿ ಸಗಟು ಮಳಿಗೆಯಲ್ಲಿ. ಊರಿನ ಔಷಧಿ ಅಂಗಡಿಗಳವರು ಫೋನ್ ಮಾಡಿ ಇಂಥದ್ದು ಇಷ್ಟು ಬೇಕು ಅನ್ನುತ್ತಾರೆ, ಅವಳು ಬರೆದುಕೊಳ್ಳುತ್ತಾಳೆ. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ. ಫೋನ್ ಮೊದಲಿನಿಂದಲೂ ಎಡಗಿವಿಗೇ ಹಿಡಿಯುತ್ತಿದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಆದರೆ ಗದ್ದಲದ ಒಂದು ಮಧ್ಯಾಹ್ನ 'ಎಪ್ಪತ್ತು' ಅಂದದ್ದನ್ನು 'ಇಪ್ಪತ್ತು' ಅಂತ ಬರೆದಳು. ಕಡಿಮೆ ಮಾತ್ರೆ ಹೋಯಿತು, ಅಂಗಡಿಯವನು ಸಿಡುಕಿದ, ಅಷ್ಟಕ್ಕೇ ಮುಗಿಯಿತು. ಅವಳ ಪಾಲಿಗೆ ಮುಗಿಯಲಿಲ್ಲ. ಸಂಖ್ಯೆಯ ಬದಲು ಔಷಧಿಯ ಹೆಸರೇ ತಪ್ಪಿದ್ದರೆ? ಅವತ್ತಿನಿಂದ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿ, ತಾನೂ ಒಂದು ಸಲ ಓದಿ ಹೇಳತೊಡಗಿದಳು. ಅಂಗಡಿಗಳವರು ಅವಳಿಗೆ 'ಇನ್ನೊಂದ್ಸಲ ಮೇಡಂ' ಅಂತ ಹೆಸರಿಟ್ಟರು. ಮಳಿಗೆಯ ಮಾಲೀಕರು, ನೋಡಿ, ಜವಾಬ್ದಾರಿ ಅಂದರೆ ಇದು ಅಂತ ಉಳಿದವರ ಮುಂದೆ ಹೊಗಳಿದರು. ಆ ಹೊಗಳಿಕೆಯ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ಮನೆಯಲ್ಲಿ ಅವಳು ಊಟದ ಕುರ್ಚಿಯನ್ನು ಮೇಜಿನ ಕೊನೆಗೆ ಎಳೆದುಕೊಂಡಿದ್ದಳು. ಅಡುಗೆಮನೆಗೆ ಹತ್ತಿರ ಅಂತ ಹೇಳಿದಳು. ಅಲ್ಲಿ ಬಲಗಡೆ ಬರೀ ಗೋಡೆ. ಯಾರು ಮಾತಾಡಿದರೂ ಮುಖ ನೋಡುತ್ತಿದ್ದಳು, ಮುಕ್ಕಾಲು ಪಾಲು ತುಟಿಯೇ ಹೇಳುತ್ತಿತ್ತು. ಕಾರಿನಲ್ಲಿ ಮಾತ್ರ ಯಾವ ಉಪಾಯವೂ ಇರಲಿಲ್ಲ. ಓಡಿಸುವವನು ಅವಳ ಬಲಕ್ಕೆ. ಅವನದು ಮೊದಲೇ ಮೆಲುದನಿ, ಕಣ್ಣು ರಸ್ತೆಯ ಮೇಲೆ. ಮೇಲೆ ಹಾಡು, ಎಂಜಿನ್ನಿನ ಸದ್ದು. ಕೆಲವು ತಿಂಗಳು ಕಳೆದ ಮೇಲೆ ಅವಳು, ಇವರು ಕಾರಿನಲ್ಲಿ ನನ್ನ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಾರೆ ಅಂತ ತೀರ್ಮಾನಕ್ಕೆ ಬಂದಿದ್ದಳು.

ಸ್ಟೀರಿಯೊ ಕೆಟ್ಟ ವಾರ ಮೊದಲ ಸಲ ಅವನ ಮಾತಿನ ತುಣುಕುಗಳು ಅವಳಿಗೆ ಸಿಕ್ಕವು. ಒಂದು ಸಲ 'ಶುಕ್ರವಾರ' ಅಂದದ್ದು, ಇನ್ನೊಂದು ಸಲ 'ಅಮ್ಮನ ಮಾತ್ರೆ' ಅಂದದ್ದು. ತಿರುಗುವಷ್ಟರಲ್ಲಿ ಮಾತು ಮುಗಿದಿತ್ತು. ಹಾಗಾದರೆ ಇವರು ಮಾತಾಡುತ್ತಲೇ ಇದ್ದಾರೆ ಅಂತ ಅವಳಿಗೆ ತಿಳಿಯಿತು. ಹೊಸ ಸ್ಟೀರಿಯೊ ಬಂದರೆ ಈ ತುಣುಕೂ ಸಿಗುವುದಿಲ್ಲ. ಅದಕ್ಕೇ ಬೇಡ ಅಂದದ್ದು. ಕಾರಣ ಹೇಳಿದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತಾರೆ.

ರಜೆಯ ದಿನ ನಾಲ್ಕೂ ಜನ ಸ್ಟೀರಿಯೊ ನೋಡಲು ಹೊರಟರು. ಅವಳು ತಲೆನೋವು ಅಂದಳು. ಮಗಳು ಬಿಡಲಿಲ್ಲ, ಕೈಹಿಡಿದು ಎಳೆದುಕೊಂಡೇ ಬಂದಳು.

ಅಂಗಡಿ ಟೈರಿನವರ ಪಕ್ಕದಲ್ಲಿತ್ತು. ಒಳಗೆ ಗೋಡೆಯ ತುಂಬಾ ಸ್ಟೀರಿಯೊಗಳು, ಒಂದಕ್ಕಿಂತ ಒಂದು ಬಣ್ಣದ ದೀಪ. ಅಂಗಡಿಯವನಿಗೆ ಐವತ್ತು ದಾಟಿತ್ತು. ತಾನೇ ಮಾರಿ ತಾನೇ ಕೂರಿಸುವವನು, ಬೆರಳ ತುದಿಗಳೆಲ್ಲ ವೈರು ಸುಲಿದು ಸುಲಿದು ಒರಟಾಗಿದ್ದವು. ಬೆಲೆಯ ಮಾತೆತ್ತದೆ ಮೊದಲು ಪ್ರಶ್ನೆ ಕೇಳಿದ. ಯಾರು ಓಡಿಸುತ್ತೀರಿ, ದಿನಕ್ಕೆ ಎಷ್ಟು ಹೊತ್ತು, ಹಾಡು ಜಾಸ್ತಿಯೋ ಫೋನ್ ಜಾಸ್ತಿಯೋ. ಮಗಳು ಬೊಟ್ಟು ಮಾಡಿದ ದೊಡ್ಡ ಸ್ಕ್ರೀನಿನದು ನಿಮ್ಮ ಕಾರಿನ ಗೂಡಿಗೆ ಕೂರುತ್ತೆ, ಆದರೆ ಗಾಳಿ ಬರುವ ಕಿಂಡಿಗೆ ಸ್ವಲ್ಪ ಅಡ್ಡ ಬರುತ್ತೆ ಅಂದ. ಮೆಕ್ಯಾನಿಕ್ ಹಿಡಿದುಕೊಂಡಿದ್ದ ಗುಂಡಿಯ ಸ್ಟೀರಿಯೊ ಗಟ್ಟಿಮುಟ್ಟು, ಆದರೆ ಅದರ ಹಿಂಭಾಗ ಉದ್ದ, ಆಳ ಸಾಲದು ಅಂದ. ಯಾವುದನ್ನು ತಗೊಂಡರೂ ಹಳೇ ವೈರು ಕತ್ತರಿಸಬೇಡಿ, ನಡುವೆ ಸಿಕ್ಕಿಸುವ ಜೋಡಣೆ ಸಿಗುತ್ತೆ, ನಾಳೆ ಬದಲಿಸಬೇಕಾದರೆ ತೊಂದರೆ ಇರಲ್ಲ ಅಂದ. ತಂದೆ ಮಗಳು ಇಬ್ಬರೂ ಸ್ವಲ್ಪ ಸೋತು ಸ್ವಲ್ಪ ಗೆದ್ದ ಮುಖ ಮಾಡಿಕೊಂಡರು.

"ಮೊದಲು ನಿಮ್ಮ ಸ್ಪೀಕರು ನೋಡೋಣ," ಅಂದ. "ಗಂಟಲು ಕಟ್ಟಿದ್ರೆ ಎಂಥ ಹೊಸ ತಲೆ ಇಟ್ಟು ಏನುಪಯೋಗ."

ಒಂದು ಸ್ಟೀರಿಯೊವನ್ನು ತಾತ್ಕಾಲಿಕವಾಗಿ ಸಿಕ್ಕಿಸಿದ. ನಾಲ್ವರನ್ನೂ ಅವರವರ ಜಾಗದಲ್ಲಿ ಕೂರಿಸಿ, ತಾನು ಕಿಟಕಿಯಿಂದ ಕೈಹಾಕಿ ಗುಂಡಿ ತಿರುಗಿಸುತ್ತಾ, ಸದ್ದನ್ನು ಒಂದೊಂದೇ ಬಾಗಿಲಿಗೆ ಕಳಿಸುತ್ತೇನೆ, ಎಲ್ಲಿಂದ ಬರುತ್ತೆ ಹೇಳಿ ಅಂದ. ಹಿಂದಿನ ಎರಡೂ ಸರಿಯಿದ್ದವು. ಆಮೇಲೆ ಎಡಗಡೆಯ ಮುಂಬಾಗಿಲು.

"ಎಲ್ಲಿಂದ ಬರ್ತಿದೆ, ಅಮ್ಮಾ?"

"ನನ್ನ ಕಡೆಯಿಂದ," ಅಂದಳು ಅವಳು.

ಅವನು ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದ. "ಈಗ?"

"ನನ್ನ ಕಡೆಯಿಂದಲೇ."

ಮೆಕ್ಯಾನಿಕ್ ಅವಳತ್ತ ನೋಡಿದ. ಹಾಡು ಬರುತ್ತಿದ್ದುದು ಅವನ ಮೊಣಕಾಲಿನ ಪಕ್ಕದಿಂದ. ಅಂಗಡಿಯವನು ವೈರು ಅದಲುಬದಲಾಗಿರಬಹುದು ಅಂದುಕೊಂಡು ಬಗ್ಗಿ ನೋಡಿದ, ಎಲ್ಲ ಸರಿಯಿತ್ತು. ಮತ್ತೆ ಎಡಕ್ಕೆ ತಿರುಗಿಸಿದ, ಮತ್ತೆ ಬಲಕ್ಕೆ. ಎರಡು ಸಲವೂ ಅವಳು ತನ್ನ ಬಾಗಿಲಿನ ಕಡೆಗೇ ಕೈ ತೋರಿಸಿದಳು. ಎರಡನೆಯ ಸಲ ಕೈ ಅರ್ಧಕ್ಕೇ ನಿಂತಿತು. ಗಂಡನ ಮುಖ ನೋಡಿ, ತಾನು ತಪ್ಪಿದೆ ಅಂತ ಅವಳಿಗೆ ತಿಳಿದಿತ್ತು.

"ಆ ಕಡೆಯಿಂದ ಬರ್ತಿದೆ ಕಣೇ," ಅಂದಳು ಅಜ್ಜಿ ಹಿಂದಿನಿಂದ. "ಹಿಂದೆ ಕೂತ ನನಗೇ ತಿಳೀತಿದೆ."

ಅಂಗಡಿಯವನು ಸದ್ದು ಪೂರ್ತಿ ತಗ್ಗಿಸಿದ. ಕಿಟಕಿಯ ಹತ್ತಿರ ಬಗ್ಗಿ, ತುಂಬಾ ಮರ್ಯಾದೆಯಿಂದ ಕೇಳಿದ:

"ಅಮ್ಮಾ, ಆ ಕಿವಿಯನ್ನ ಯಾರಿಗಾದ್ರೂ ತೋರಿಸಿದ್ದೀರಾ? ಒಂದೇ ಕಿವಿ ಕೇಳೋರಿಗೆ ದಿಕ್ಕು ತಿಳಿಯಲ್ಲ. ನನ್ನ ಅಣ್ಣನಿಗೂ ಹಾಗೇ ಇತ್ತು."

ಅವಳು ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. ಆಮೇಲೆ ಇಲ್ಲ ಅನ್ನುವಂತೆ ತಲೆಯಾಡಿಸಿದಳು.

ಅವತ್ತು ಏನನ್ನೂ ಕೊಳ್ಳದೆ ಬಂದರು. ಡ್ಯಾಶ್‌ಬೋರ್ಡಿನ ಗೂಡಿನಿಂದ ಜೋತುಬಿದ್ದ ವೈರುಗಳು ದಾರಿಯುದ್ದಕ್ಕೂ ಅಲ್ಲಾಡುತ್ತಿದ್ದವು. ಮನೆಗೆ ಬಂದ ಮೇಲೆ ಮಗಳು ಅಜ್ಜಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಅವಳು ಬೀನ್ಸ್ ಬಿಡಿಸಲು ಕೂತಳು. ಅವನು ನಿಂತೇ ಇದ್ದ, ಎದುರಿಗೆ, ಮುಖ ಕಾಣುವ ಹಾಗೆ. ಎಷ್ಟು ದಿನದಿಂದ ಅಂತ ಕೇಳಿದ. ಹೇಳಿದಳು. ಜ್ವರ, ಜೀರುಂಡೆ, ಹನಿ, ಎಪ್ಪತ್ತು ಇಪ್ಪತ್ತಾದದ್ದು, ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನಿಗೆ ಸಿಟ್ಟು ಬಂತು.

"ಎರಡು ವರ್ಷ. ಪಕ್ಕದಲ್ಲೇ ಕೂತು ಎರಡು ವರ್ಷ. ನಿನಗೆ ನನ್ನ ಮಾತೇ ಬೇಡವಾಗಿದೆ ಅಂತ ನಾನು ತಿಳ್ಕೊಂಡಿದ್ದೆ."

"ನೀವು ಮಾತಾಡೋದನ್ನೇ ಬಿಟ್ರಿ ಅಂತ ನಾನು ತಿಳ್ಕೊಂಡಿದ್ದೆ," ಅಂದಳು ಅವಳು.

ಅವನು ಕುರ್ಚಿ ಎಳೆದು ಕೂತ. ಬುಟ್ಟಿಯಿಂದ ಒಂದು ಬೀನ್ಸ್ ತೆಗೆದು ನಾರು ಎಳೆಯತೊಡಗಿದ. ಬಹಳ ಹೊತ್ತು ಇಬ್ಬರೂ ಅದೇ ಕೆಲಸ ಮಾಡಿದರು. ಕೊನೆಗೆ ಅವಳು, ಈ ಎರಡು ವರ್ಷದಲ್ಲಿ ಕಾರಿನಲ್ಲಿ ಏನೇನು ಹೇಳಿದಿರಿ ಅಂತ ಕೇಳಿದಳು. ಅವನು, ಏನು ಮಹಾ, ದಿನದ ಮಾತು ಅಂದ.

ದಿನದ ಮಾತಲ್ಲದ ಒಂದು ಮಾತು ಅದರಲ್ಲಿತ್ತು. ಒಂದೂವರೆ ವರ್ಷದ ಹಿಂದೆ ಅವನು ಒಂದು ಆಸ್ಪತ್ರೆಯ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗ ಪರೀಕ್ಷಿಸುತ್ತಿದ್ದಾಗ, ಕೆಳಗಿದ್ದ ಜೊತೆಗಾರ ತಪ್ಪಿ ಕರೆಂಟು ಕೊಟ್ಟಿದ್ದ. ಲಿಫ್ಟು ಮೇಲಕ್ಕೆ ಹೊರಟಿತು. ಅವನು ಅಂಗಾತ ಮಲಗಿಬಿಟ್ಟ. ಮೇಲಿನ ಕಬ್ಬಿಣದ ತೊಲೆ ಮೂಗಿನಿಂದ ಒಂದು ಗೇಣು ದೂರಕ್ಕೆ ಬಂದಾಗ ಲಿಫ್ಟು ನಿಂತಿತು. ಜೊತೆಗಾರನ ಕೆಲಸ ಹೋಗುತ್ತದೆ ಅಂತ ಅವನು ಯಾರಿಗೂ ದೂರು ಕೊಡಲಿಲ್ಲ. ಅವತ್ತು ಸಂಜೆ, ಹಾಡು ನಡೆಯುತ್ತಿದ್ದ ಕಾರಿನಲ್ಲಿ, ಹೆಂಡತಿಯೊಬ್ಬಳಿಗೇ ಅದನ್ನು ಹೇಳಿದ್ದ. ಅವಳು ತಿರುಗಿಯೂ ನೋಡಿರಲಿಲ್ಲ. ಆಮೇಲೆ ಅವನು ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಈಗ, ಬೀನ್ಸಿನ ಬುಟ್ಟಿಯ ಮುಂದೆ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಅವಳ ಮೇಲೆ ಇವತ್ತಿಗೆ ಇಷ್ಟು ಸಾಕು ಅನಿಸಿತು.

ಕಿವಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಮೊದಲ ವಾರದಲ್ಲೇ ಬಂದಿದ್ದರೆ ಏನಾದರೂ ಆಗುತ್ತಿತ್ತೇನೋ, ಈಗ ಬಲಗಿವಿ ಮರಳುವುದಿಲ್ಲ ಅಂದರು. ಎಡಗಿವಿ ಚೆನ್ನಾಗಿದೆ, ಅದನ್ನು ಕಾಪಾಡಿಕೊಳ್ಳಿ, ಆರು ತಿಂಗಳಿಗೊಮ್ಮೆ ಬನ್ನಿ ಅಂದರು. ಮಗಳು ಎಲ್ಲವನ್ನೂ ಬರೆದುಕೊಂಡಳು. ಮೆಕ್ಯಾನಿಕ್ ಮೊದಲ ವಾರ ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡ. ಮೋಟಾರಿನ ಒಳಗಿನ ಸವೆತ ಕೇಳಿಸುವ ತನಗೆ ಇದು ಹೇಗೆ ತಪ್ಪಿತು ಅಂತ ಅಂದು ಊಟದ ಹೊತ್ತಿನಲ್ಲಿ ತಾಯಿಯ ಹತ್ತಿರ ಹೇಳಿಕೊಂಡ. ಅಜ್ಜಿ ಎಂದಿನ ಹಾಗೆ ಚುಚ್ಚಲಿಲ್ಲ. ಕಿವಿ ಇದ್ದ ನಾನೇ ಅವಳನ್ನು ಕೇಳಿದ್ರೂ ಕೇಳದವಳು ಅಂದೆನಲ್ಲ ಅಂದು, ಸೊಸೆಯ ತಟ್ಟೆಗೆ ತನ್ನ ಪಾಲಿನ ಮೊಟ್ಟೆಯನ್ನು ದಾಟಿಸಿದಳು.

ಮುಂದಿನ ವಾರ ಮನೆಯಲ್ಲಿ ಇನ್ನೊಂದು ಬಗೆಯ ಗಲಾಟೆ. ಮೆಕ್ಯಾನಿಕ್ ಹೆಂಡತಿಯ ಜೊತೆ ಮೈಕು ನುಂಗಿದವನ ಹಾಗೆ ಮಾತಾಡತೊಡಗಿದ. ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ಎರಡು ದಿನ ತಡೆದುಕೊಂಡು ಮೂರನೆಯ ದಿನ ಅವಳು ಅಂದಳು: "ಹೋಗಿರೋದು ಒಂದು ಕಿವಿ. ಇನ್ನೊಂದನ್ನೂ ನೀವೇ ಕಳಿಸಬೇಡಿ."

ಕೆಲಸದ ವಿಷಯಕ್ಕೆ ನಿಜವಾದ ಜಗಳ ನಡೆಯಿತು. ಮಾಲೀಕರಿಗೆ ಹೇಳಬೇಡ, ಯಾರು ತಾನೇ ಕಿವಿಯೊಳಗೆ ಇಣುಕಿ ನೋಡ್ತಾರೆ ಅಂತ ಅಜ್ಜಿ. ಹೇಳಲೇಬೇಕು ಅಂತ ಮಗಳು. ಕಣ್ಣು ಮಂಜಾದವರು ದಿನಾ ನಮ್ಮ ಅಂಗಡಿಯ ಬಾಗಿಲು ತಳ್ಳಿಕೊಂಡು ಬರುತ್ತಾರೆ, ಒಬ್ಬರೂ ತಲೆ ತಗ್ಗಿಸಿಕೊಂಡು ಬಂದದ್ದು ನೋಡಿಲ್ಲ, ಕಿವಿಗೆ ಯಾಕೆ ಇಷ್ಟು ನಾಚಿಕೆ ಅಂತ ಅವಳ ಪ್ರಶ್ನೆ. ಕನ್ನಡಕ ಹಾಕಿಕೊಂಡರೆ ಕೆಲಸ ಹೋಗಲ್ಲವಲ್ಲ ಅಂದಳು ತಾಯಿ. ಮೆಕ್ಯಾನಿಕ್ ಈ ಮಾತಿನಲ್ಲಿ ಬಾಯಿ ಹಾಕಲಿಲ್ಲ. ನಿನ್ನ ಕೆಲಸ, ನಿನ್ನ ಇಷ್ಟ ಅಂದ. ಅವಳಿಗೆ ಅದು ಹಿತವಾಯಿತು.

ಒಂದು ವಾರ ತೂಗಿ ನೋಡಿ, ಒಂದು ಬೆಳಿಗ್ಗೆ ತಾನೇ ಮಾಲೀಕರ ಕೋಣೆಗೆ ಹೋಗಿ ಹೇಳಿದಳು. ಇಪ್ಪತ್ತು ಎಪ್ಪತ್ತರ ತಪ್ಪನ್ನೂ ಮುಚ್ಚಿಡಲಿಲ್ಲ. ಮಾಲೀಕರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ಇನ್ನೊಂದು ಕಿವಿ ಸರಿಯಿದೆಯಲ್ಲ ಅಂದರು. ಆದರೂ ಔಷಧಿ ವಿಷಯ ಅಂದರು. ಮರುದಿನದಿಂದ ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಳು. ಇವಳಿಗೆ ಒಳಗಿನ ಗೋದಾಮಿನಲ್ಲಿ, ಹೊರಗೆ ಹೋಗುವ ಪೆಟ್ಟಿಗೆಗಳನ್ನು ಪಟ್ಟಿಯ ಜೊತೆ ತಾಳೆ ನೋಡುವ ಕೆಲಸ. ಸಂಬಳ ಅಷ್ಟೇ ಇತ್ತು. ಆದರೆ ಹದಿನಾಲ್ಕು ವರ್ಷದಿಂದ ಮುಖ ನೋಡದೆಯೇ ಗುರುತಿದ್ದ ಅಷ್ಟೂ ದನಿಗಳು ಒಂದೇ ದಿನಕ್ಕೆ ನಿಂತುಹೋದವು. ಕೆಮ್ಮಿ ಮಾತು ಶುರುಮಾಡುವ ಮುದುಕ, ಮಗುವನ್ನು ಗದರಿಸುತ್ತಲೇ ಪಟ್ಟಿ ಹೇಳುವ ಹೆಂಗಸು, ಎಲ್ಲರೂ. ಆ ಸಂಜೆ ಕಾರು ಹತ್ತಿದವಳು ಸುಮ್ಮನೆ ಅತ್ತಳು. ಮೆಕ್ಯಾನಿಕ್ ಕಾರು ಹೊರಡಿಸದೆ, ಅವಳು ಮುಗಿಸುವವರೆಗೆ ಕಾದ.

ಸ್ಟೀರಿಯೊದ ಮಾತನ್ನು ಮತ್ತೆ ಎತ್ತಿದ್ದು ಅವಳೇ. ಗೋದಾಮಿನ ಕೆಲಸ ಶುರುವಾಗಿ ಹದಿನೈದು ದಿನವಾಗಿತ್ತು. ಈ ಸಲ ನಾನು ಆರಿಸುತ್ತೇನೆ ಅಂದಳು. ಯಾರೂ ಚಕಾರ ಎತ್ತಲಿಲ್ಲ. ಮಗಳಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ, ಅಜ್ಜಿ ಮಂಡಿ ನೋವು ಅಂದಳು, ಗಂಡ ಹೆಂಡತಿ ಇಬ್ಬರೇ ಹೋದರು.

ಅಂಗಡಿಯವನು ಗುರುತು ಹಿಡಿದ. ಅವಳು ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿದಳು. ಸದ್ದು ತಗ್ಗಿಸಲು ದುಂಡನೆಯ ಗುಂಡಿ ಇರಬೇಕು, ಅದನ್ನು ಒಂದು ಸಲ ಒತ್ತಿದರೆ ಪೂರ್ತಿ ಸುಮ್ಮನಾಗಬೇಕು. ಅಕ್ಷರ ದೊಡ್ಡದಿರಬೇಕು. ಮುಂದೆ ಯಾವಾಗಲಾದರೂ ಕ್ಯಾಮೆರಾ ಸೇರಿಸಲು ಬರಬೇಕು, ಮಗಳಿಗೆ. ರೇಡಿಯೋ ಗೊರಗೊರ ಅನ್ನಬಾರದು, ಅತ್ತೆಗೆ. ಅಂಗಡಿಯವನು ಹುಡುಕಿ ಮೂರನ್ನು ಇಟ್ಟ. ಅವಳು ಒಂದೊಂದನ್ನೂ ಕಾರಿಗೆ ಸಿಕ್ಕಿಸಿ ನೋಡಬೇಕು ಅಂದಳು. ಮೊದಲನೆಯದರ ಗುಂಡಿ ಒತ್ತಿದರೆ ಸದ್ದು ನಿಧಾನಕ್ಕೆ ಇಳಿಯುತ್ತಿತ್ತು, ಅಷ್ಟರಲ್ಲಿ ಮಾತು ಮುಗಿದೇಹೋಗುತ್ತೆ ಅಂತ ಬೇಡವೆಂದಳು. ಎರಡನೆಯದು ಬಿಸಿಲಿಗೆ ಕನ್ನಡಿಯಾಯಿತು. ಮೂರನೆಯದು ನಡುಗಾತ್ರದ್ದು, ಪುಟ್ಟ ಸ್ಕ್ರೀನು, ಪಕ್ಕದಲ್ಲಿ ಬೆಣ್ಣೆಯ ಹಾಗೆ ತಿರುಗುವ ಗುಂಡಿ.

ಅದರ ಗುಂಡಿ ಓಡಿಸುವವನ ಕಡೆಗಿತ್ತು. ಕೈಗೆ ಹೇಗೆ ಸಿಗುತ್ತೆ ನೋಡಲು ಅವಳು ಸ್ಟೀರಿಂಗಿನ ಮುಂದೆ ಕೂತಳು, ಮೆಕ್ಯಾನಿಕ್ ಸುತ್ತಿ ಬಂದು ಎಡಗಡೆ ಕೂತ. ಹಾಡು ಮೆಲ್ಲಗೆ ನಡೆಯುತ್ತಿತ್ತು. ಅವನು ಹೊರಗೆ ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, ಆ ಟೈರಿನವನ ಏಣಿಗೆ ಒಂದು ಕಾಲು ಗಿಡ್ಡ ಅಂದ.

"ಹೌದು, ಕೆಳಗೆ ಇಟ್ಟಿಗೆ ಕೊಟ್ಟಿದ್ದಾನೆ," ಅಂದಳು ಅವಳು.

ಅಂದವಳೇ ಅವನತ್ತ ತಿರುಗಿದಳು. ಅವನೂ ತಿರುಗಿದ. ಅವನು ದನಿ ಎತ್ತಿರಲಿಲ್ಲ, ಅವಳು ಮುಖ ನೋಡಿರಲಿಲ್ಲ. ಅವಳ ಎಡಗಿವಿ ಈಗ ಅವನ ಕಡೆಗಿತ್ತು.

ಓಡಿಸಲು ಅವಳಿಗೆ ಬರುತ್ತಿತ್ತು. ಮದುವೆಗೆ ಮುಂಚೆ ಅಪ್ಪನ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವಳು, ಲೈಸೆನ್ಸನ್ನು ತಪ್ಪದೆ ನವೀಕರಿಸಿಕೊಂಡು ಬಂದಿದ್ದಳು. ಈ ಮನೆಯಲ್ಲಿ ಕಾರು ಅಂದರೆ ಗಂಡನ ಕೈ ಅಂತ ಆಗಿಹೋಗಿತ್ತು, ಅಷ್ಟೇ. ಕಿವಿಯ ಡಾಕ್ಟರನ್ನು ಅಲ್ಲಿಂದಲೇ ಫೋನಿನಲ್ಲಿ ಕೇಳಿದಳು. ಕನ್ನಡಿಗಳನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಂಡು ಓಡಿಸಿ, ಅಡ್ಡಿಯಿಲ್ಲ ಅಂದರು. ಅಂಗಡಿಯವನು ಸ್ಟೀರಿಯೊವನ್ನು ಗಟ್ಟಿಯಾಗಿ ಕೂರಿಸಿ, ಸದ್ದನ್ನು ಸ್ವಲ್ಪ ಎಡಕ್ಕೆ ವಾಲಿಸಿಕೊಟ್ಟ. ಮೆಕ್ಯಾನಿಕ್ ಕೀಲಿಕೈಯನ್ನು ಅವಳಿಗೇ ಬಿಟ್ಟ.

ಮೊದಲ ಐದು ನಿಮಿಷ ಅವನು ಕೂತಲ್ಲಿ ಕೂರಲಿಲ್ಲ. ಗೇರು ಬದಲಿಸು, ಆ ಸ್ಕೂಟರ್ ನೋಡು, ಕ್ಲಚ್ಚಿನ ಮೇಲೆ ಕಾಲಿಡಬೇಡ. ಎಲ್ಲ ಕೇಳಿಸುತ್ತಿದೆ ಅಂದಳು ಅವಳು. ಅವನು ನಕ್ಕು ಬಾಯಿ ಮುಚ್ಚಿದ. ದೊಡ್ಡ ರಸ್ತೆ ದಾಟಿ, ಮರಗಳ ಸಾಲಿನ ರಸ್ತೆಗೆ ಬಂದರು. ಸಂಚಾರ ಕಡಿಮೆಯಿತ್ತು. ಅವನು ಕೈಚಾಚಿ ಹೊಸ ಗುಂಡಿ ಒತ್ತಿದ. ಹಾಡು ನಿಂತಿತು.

"ಒಂದ್ ದಿನ ನಾನು ಮನೆಗೆ ಬರ್ತಾ ಇರಲಿಲ್ಲ," ಅಂದ. "ಲಿಫ್ಟಿನ ಮೇಲಿದ್ದೆ. ಕೆಳಗಿಂದ ಕರೆಂಟ್ ಕೊಟ್ಟುಬಿಟ್ಟ. ತೊಲೆ ಇಷ್ಟು ಹತ್ತಿರ ಬಂತು." ಮೂಗಿನ ಮುಂದೆ ಗೇಣು ಹಿಡಿದು ತೋರಿಸಿದ.

ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಅವನ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಆಮೇಲೆ ಅವಳು ಕನ್ನಡಿ ನೋಡಿ, ದೀಪ ಹಾಕಿ, ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿದಳು.

"ಇದನ್ನ ನನಗೆ ಮೊದಲೇ ಹೇಳಿದ್ದಿರಾ?"

"ಹ್ಞೂಂ. ಅವತ್ತೇ."

"ನಾನೇನಂದೆ?"

ಅವನು ಹೇಳಲೋ ಬೇಡವೋ ಅಂತ ನೋಡಿದ. ಅವಳು ಬಿಡುವ ಹಾಗೆ ಕಾಣಲಿಲ್ಲ.

"ಹಾಲು ತಗೋಬೇಕು ಅಂದೆ."

ಅವಳು ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಒಂದು ಬಸ್ಸು ಹಾದುಹೋಯಿತು, ಕಾರು ಸ್ವಲ್ಪ ಅಲ್ಲಾಡಿತು. ಆಮೇಲೆ ಅವನ ಕಡೆಗೆ ಪೂರ್ತಿ ತಿರುಗಿ ಕೂತಳು.

"ಬೆಳಿಗ್ಗೆಯಿಂದ ಹೇಳಿ," ಅಂದಳು. "ಅವತ್ತು ಬೆಳಿಗ್ಗೆಯಿಂದ. ಯಾವುದನ್ನೂ ಬಿಡಬೇಡಿ."

ಅವನು, ಅಂದು ಅವಳನ್ನು ಕೆಲಸಕ್ಕೆ ಬಿಟ್ಟು ಕಾರು ತಿರುಗಿಸಿದಲ್ಲಿಂದ ಶುರು ಮಾಡಿದ.